ಶ್ವಾನಸಂತತಿಯೂ ಕೃತಕ ಗರ್ಭಧಾರಣೆಯೂ

1939ರಲ್ಲಿ ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಎಂಬವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೈನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಉಪಕರಣದ ಮೂಲಕ ಸೇರಿಸಿ ಗರ್ಭ ನಿಲ್ಲಿಸಿದ್ದು ಭಾರತದ ಪಶುವೈದ್ಯ ಚರಿತ್ರೆಯಲ್ಲಿ ಈ ಬಗೆಯ ಪ್ರಥಮ ಪ್ರಯೋಗವೆಂದು ದಾಖಲಾಗಿದೆ. ಅಂದಿನಿಂದೀಚೆಗೆ ಆ ವಿದ್ಯೆಯು ನಮ್ಮ ಹಳ್ಳಿಗಳ ನಿತ್ಯವ್ಯವಹಾರದೊಳಗೆ ಎಷ್ಟರಮಟ್ಟಿಗೆ ಬೆರೆತುಹೋಗಿದೆಯೆಂದರೆ, ಹಸು ಬೆದೆಗೆ ಬಂದ ಬೆಳಗ್ಗೆ 'ಇಂಜೆಕ್ಷನ್ ಹಾಕಿಸಬೇಕು' ಎಂದು ಪಶು ಆಸ್ಪತ್ರೆಗೆ ಹೇಳಿಕಳುಹಿಸುವ ರೈತನಿಗೆ ಅದರಲ್ಲಿ ಸೋಜಿಗಪಡತಕ್ಕದ್ದೇನೂ ಕಾಣುವುದಿಲ್ಲ. ಆದರೆ ಸಸ್ತನಿಗಳ ವರ್ಗದಲ್ಲಿ ಈ ವಿದ್ಯೆ ಪ್ರಮಾಣಸಹಿತವಾಗಿ ಮೊತ್ತಮೊದಲು ಸಿದ್ಧಿಸಿದ್ದು ನಾಯಿಯಲ್ಲಿ. ಅದೂ ಮೈಸೂರಿನ ಪ್ರಯೋಗಕ್ಕೆ ಒಂದೂವರೆ ಶತಮಾನಕ್ಕಿಂತಲೂ ಹಿಂದೆ, ಇಟಲಿ ದೇಶದ ಪಾವಿಯಾ ನಗರದಲ್ಲಿ, ಒಬ್ಬ ಕ್ರೈಸ್ತ ಪುರೋಹಿತನ ಕೈಯಿಂದ.

ಲಜ್ಜಾರೊ ಸ್ಪಲ್ಲಾನ್‌ಜಾನಿಯು 1729ರಲ್ಲಿ ಸ್ಕಾಂಡಿಯಾನೊ ಎಂಬ ಊರಿನಲ್ಲಿ ಹುಟ್ಟಿ, ಪುರೋಹಿತ ದೀಕ್ಷೆಯನ್ನು ಪಡೆದು, 1769ರಿಂದ ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಕೃತಿಶಾಸ್ತ್ರದ ಅಧ್ಯಾಪಕನಾಗಿದ್ದವನು. ಜೀವಿಯು ಜೀವಿಯಿಂದಲ್ಲದೆ ಹುಟ್ಟಲಾರದೆಂಬುದನ್ನು ಕುದಿಸಿದ ಕಷಾಯಗಳ ಮೇಲಣ ಪರೀಕ್ಷೆಗಳಿಂದ ಸಾಧಿಸಲು ಹೊರಟಿದ್ದ ಆತನಿಗೆ, ಗಂಡಿನ ದೇಹದಿಂದ ಹೊರಡುವ ದ್ರವವು ಹೆಣ್ಣಿನ ಅಂಡವನ್ನು ನಿಜವಾಗಿಯೂ ಮುಟ್ಟಬೇಕೋ, ಇಲ್ಲವೇ ಅದರಿಂದ ಏಳುವ ಯಾವುದೋ ಸೂಕ್ಷ್ಮವಾದ ಆವಿಯೇ ಸಾಕೋ ಎಂಬ ಅಂದಿನ ವಿದ್ವಾಂಸರ ವಿವಾದವು ಮುಂದಿನ ಶೋಧನೆಗೆ ವಿಷಯವಾಯಿತು. ಗಂಡುಕಪ್ಪೆಗಳಿಗೆ ಟ್ಯಾಫೆಟಾ ಬಟ್ಟೆಯ ಬಿಗಿಯಾದ ಚಲ್ಲಣಗಳನ್ನು ತೊಡಿಸಿ ಹೆಣ್ಣುಗಳೊಡನೆ ಬಿಟ್ಟಾಗ ಮೊಟ್ಟೆಗಳು ಬಂಜೆಯಾಗಿಯೇ ಉಳಿದುವು. ಚಲ್ಲಣದೊಳಗೆ ಸಿಕ್ಕಿದ ತೊಟ್ಟು ದ್ರವವನ್ನು ಬೇರೆ ಮೊಟ್ಟೆಗಳಿಗೆ ಸವರಿದಾಗ ಅವುಗಳಿಂದ ಗೊದಮೊಟ್ಟೆಗಳು ಹೊರಟುವು. ಮೈಹೊರಗೆ ಮೊಟ್ಟೆಯಿಡುವ ಕಪ್ಪೆಯಲ್ಲಿ ತೋರಿಬಂದ ಈ ಸತ್ಯವು ಗರ್ಭದೊಳಗೆ ಮರಿಯನ್ನು ಹೊರುವ ಪ್ರಾಣಿಯಲ್ಲಿಯೂ ತೋರಿಬರುವುದೇ ಎಂಬುದನ್ನು ಅರಿಯುವುದಕ್ಕಾಗಿ ಆತನು ನಾಯಿಯನ್ನು ಆರಿಸಿಕೊಂಡನು.

ಆತನು ವಹಿಸಿದ ಎಚ್ಚರಿಕೆ ಇಂದಿಗೂ ಓದಿದವರಿಗೆ ಗೌರವವನ್ನು ಹುಟ್ಟಿಸುವಂಥದು. ಮೊದಲೇ ಮರಿ ಹಾಕಿದ್ದ ಸ್ಪ್ಯಾನಿಯಲ್ ಜಾತಿಯ ಹೆಣ್ಣುನಾಯಿಯೊಂದನ್ನು, ಅದು ಬೆದೆಗೆ ಬರುವುದಕ್ಕೆ ಮುಂಚಿನಿಂದಲೇ, ಒಂದು ಕೋಣೆಯಲ್ಲಿ ಕೂಡಿಹಾಕಿ, ಬೀಗದ ಕೈಯನ್ನು ತಾನೇ ಇಟ್ಟುಕೊಂಡು, ಅನ್ನನೀರುಗಳನ್ನೂ ತಾನೇ ಕೊಡುತ್ತ ಬಂದನು. ಹದಿಮೂರನೆಯ ದಿನ ಬೆದೆಯ ಲಕ್ಷಣಗಳು ಕಾಣಿಸಿಕೊಂಡವು. ಇಪ್ಪತ್ತಮೂರನೆಯ ದಿನ ಅದು ಗಂಡನ್ನು ಬಯಸುವುದು ಸ್ಪಷ್ಟವಾಯಿತು. ಆಗ ಅದೇ ಜಾತಿಯ ಎಳೆಯ ಗಂಡುನಾಯಿಯೊಂದರಿಂದ ದೊರೆತ 19 ಗ್ರೇನ್ ತೂಕದ ವೀರ್ಯವನ್ನು, ನಾಯಿಯ ಮೈಶಾಖಕ್ಕೆ ಸಮನಾಗಿ ರಿಯೋಮರ್ ಮಾನದ 30 ಡಿಗ್ರಿಗೆ, ಎಂದರೆ ಇಂದಿನ ಲೆಕ್ಕದ ಮೂವತ್ತೇಳೂವರೆ ಡಿಗ್ರಿ ಸೆಲ್ಸಿಯಸ್ಸಿಗೆ ಬೆಚ್ಚಗೆ ಮಾಡಿದ ಸಣ್ಣ ಪಿಚಕಾರಿಯಿಂದ ಗರ್ಭದೊಳಕ್ಕೆ ಸೇರಿಸಿದನು. ಅರುವತ್ತೆರಡು ದಿನಗಳ ತರುವಾಯ ಆ ನಾಯಿಯು ಮೂರು ಮರಿಗಳನ್ನು ಹಾಕಿತು: ಎರಡು ಗಂಡು, ಒಂದು ಹೆಣ್ಣು, ಬಣ್ಣದಲ್ಲಿಯೂ ಆಕಾರದಲ್ಲಿಯೂ ತಾಯಿಯನ್ನು ಮಾತ್ರವೇ ಅಲ್ಲದೆ, ತಾಯಿಯು ಎಂದೂ ಕೂಡದ ಆ ತಂದೆಯನ್ನೂ ಹೋಲುವಂಥವು. 1780ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಇದನ್ನು ವರ್ಣಿಸಿರುವ ರೀತಿಯಲ್ಲಿ, ಒಂದು ಜನ್ಮದ ದುಡಿಮೆ ಸಾರ್ಥಕವಾದವನ ಹರ್ಷವು ಎದ್ದು ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ವೀರ್ಯವನ್ನು ಶೋಧನ ಕಾಗದದಲ್ಲಿ ಸೋಸಿದರೆ ಕೆಳಗಿಳಿದ ನೀರಿಗೆ ಫಲಶಕ್ತಿಯಿರುವುದಿಲ್ಲವೆಂಬುದನ್ನೂ, ಕಾಗದದ ಮೇಲೆ ಉಳಿದದ್ದರಲ್ಲಿಯೇ ಆ ಶಕ್ತಿಯಿರುವುದೆಂಬುದನ್ನೂ ಸ್ಪಲ್ಲಾನ್‌ಜಾನಿಯೇ ಕಂಡಿದ್ದರೂ, 1677ರಲ್ಲಿಯೇ ಲೀವೆನ್‌ಹುಕ್ಕನ ಸೂಕ್ಷ್ಮದರ್ಶಕದಲ್ಲಿ ತೋರಿದ್ದ ಆ ಬಾಲವುಳ್ಳ ಅಣುಜೀವಿಗಳೇ ಸೃಷ್ಟಿಗೆ ಕಾರಣವೆಂದು ಆತನು ಕಡೆಯವರೆಗೂ ಒಪ್ಪಲಿಲ್ಲ. ಕೈ ಸತ್ಯವನ್ನು ಹಿಡಿದಿದ್ದಾಗಲೂ ಸಿದ್ಧಾಂತವು ಕಣ್ಣನ್ನು ಮುಚ್ಚಬಲ್ಲದು. ಸೃಷ್ಟಿರಹಸ್ಯದ ಇನ್ನೊಂದು ಅರ್ಧವನ್ನು ಒದಗಿಸಿಕೊಟ್ಟದ್ದೂ ನಾಯಿಯೇ: 1827ರಲ್ಲಿ ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿಯು ಸಸ್ತನಿಯ ಅಂಡವನ್ನು ಮೊದಲ ಬಾರಿಗೆ ಕಂಡದ್ದು ಕೋನಿಗ್ಸ್‌ಬರ್ಗ್ ನಗರದಲ್ಲಿ ತನ್ನ ಸಹೋದ್ಯೋಗಿಯೊಬ್ಬನ ಮನೆಯ ಹೆಣ್ಣುನಾಯಿಯ ಅಂಡಾಶಯದಲ್ಲಿ. ಮನುಷ್ಯನಿಗೆ ತನ್ನ ಉತ್ಪತ್ತಿಯ ಜ್ಞಾನವನ್ನು ತಂದುಕೊಟ್ಟ ಪ್ರಾಣಿಗಳ ಸಾಲಿನಲ್ಲಿ ನಾಯಿಗೆ ಸಲ್ಲತಕ್ಕ ಸ್ಥಾನವು ಸಲ್ಲಿಲ್ಲವೆಂದೇ ನನ್ನ ಭಾವನೆ.

ವಿದ್ಯೆ ತಿಳಿದ ಮೇಲೆ ಅದನ್ನು ತಳಿಯ ಕೆಲಸಕ್ಕೆ ಹಚ್ಚಿದವರು ಆಂಗ್ಲರು. ಚಿತ್ರಕಾರ ಜಾನ್ ಎವರೆಟ್ ಮಿಲ್ಲೇಯ ಮಗನಾದ ಎವರೆಟ್ ಮಿಲ್ಲೇಯು ನೆಲಕ್ಕೆ ತಾಗುವ ಮೈಯ, ಮೋಟುಗಾಲಿನ ಬ್ಯಾಸೆಟ್ ಹೌಂಡುಗಳನ್ನು ಇಂಗ್ಲೆಂಡಿನಲ್ಲಿ ಬೆಳೆಸುತ್ತಿದ್ದವನು. ಕೆಲವೇ ನಾಯಿಗಳಿಂದ ಮೊದಲಾದ ಆ ತಳಿಯು ಒಳಸಂಬಂಧಗಳಿಂದ ಕ್ಷೀಣಿಸತೊಡಗಿದಾಗ, 1890ರ ದಶಕದಲ್ಲಿ ಆತನು ಬ್ಯಾಸೆಟ್ ಗಂಡಿನ ವೀರ್ಯವನ್ನು ಎತ್ತರದ ಬ್ಲಡ್‌ಹೌಂಡ್ ಹೆಣ್ಣಿಗೆ ಕೃತಕವಾಗಿ ಸೇರಿಸಿ, ಹುಟ್ಟಿದ ಮರಿಗಳನ್ನು ಮತ್ತೆ ಬ್ಯಾಸೆಟ್ಟುಗಳೊಡನೆ ಕೂಡಿಸಿ, ತಳಿಗೆ ಹೊಸ ರಕ್ತವನ್ನು ತಂದನು. ದೇಹಪ್ರಮಾಣದ ಅಂತರದಿಂದ ಸಹಜವಾಗಿ ನಡೆಯಲಾರದ ಸಂಯೋಗವೊಂದು ಹೀಗೆ ಸಾಧ್ಯವಾಯಿತು. ಆತನ ಅನುಭವಗಳನ್ನು ಕೇಂಬ್ರಿಡ್ಜಿನ ವಾಲ್ಟರ್ ಹೀಪ್ 1897ರಲ್ಲಿ ಪ್ರಕಟಿಸಿದನು. ಕ್ಷೀಣವಾಗುತ್ತಿರುವ ತಳಿಗೆ ವೈವಿಧ್ಯವನ್ನು ಕೂಡಿಸುವುದೇ ಇಲ್ಲಿ ಉದ್ದೇಶವಾಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಈ ಲೇಖನದ ಮುಖ್ಯ ಅಭಿಪ್ರಾಯವು ಅದರ ಮೇಲೆಯೇ ನಿಂತಿದೆ.

ಇಷ್ಟು ಮೊದಲೇ ಆರಂಭವಾದ ವಿದ್ಯೆ ಇಪ್ಪತ್ತನೆಯ ಶತಮಾನದಲ್ಲಿ ಹಸುವಿನಲ್ಲಿ ವ್ಯಾಪಿಸಿದಷ್ಟು ನಾಯಿಯಲ್ಲಿ ಏಕೆ ವ್ಯಾಪಿಸಲಿಲ್ಲ? ಹಾಲಿನ ಆರ್ಥಿಕತೆಯು ನಾಯಿಗಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣವು ಹೆಣ್ಣುನಾಯಿಯ ಶರೀರಧರ್ಮದಲ್ಲಿಯೇ ಅಡಗಿದೆ. ಹಸು ಮೂರು ವಾರಗಳಿಗೊಮ್ಮೆ ಬೆದೆಗೆ ಬರುವುದು. ಈ ಸಲ ತಪ್ಪಿದರೆ ಇಪ್ಪತ್ತೊಂದು ದಿನ ಕಾದರಾಯಿತು. ಹೆಣ್ಣುನಾಯಿಯಾದರೋ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರತಕ್ಕದ್ದು. ಮೊದಲ ಒಂಬತ್ತು ದಿನಗಳಷ್ಟು ಕಾಲ ರಕ್ತಸ್ರಾವವಿದ್ದು, ಗಂಡನ್ನು ಆಕರ್ಷಿಸಿಯೂ ಹತ್ತಿರ ಸೇರಿಸದು; ಅನಂತರದ ಒಂಬತ್ತು ದಿನಗಳಷ್ಟು ಕಾಲ ಸೇರಿಸುವುದು. ಆದರೆ ಈ ದಿನಗಣನೆಯು ನಾಯಿಯಿಂದ ನಾಯಿಗೆ ಬಹಳವಾಗಿ ವ್ಯತ್ಯಾಸವಾಗುವುದರಿಂದ, 'ಹನ್ನೊಂದನೇ ದಿನ, ಹದಿಮೂರನೇ ದಿನ ಮೇಟಿಂಗ್ ಮಾಡಿಸಿದರೆ ಸಾಕು' ಎಂಬ ರೂಢಿಯ ಸೂತ್ರವನ್ನು ನಂಬಿದವರು ಎಷ್ಟೋ ಬಾರಿ ಬರಿಗೈಯಲ್ಲಿ ಉಳಿಯುತ್ತಾರೆ.

ಇನ್ನೂ ಸೂಕ್ಷ್ಮವಾದ ವಿಶೇಷವೊಂದುಂಟು. ಬಹುಪಾಲು ಸಸ್ತನಿಗಳಲ್ಲಿ ಅಂಡವು ಪಕ್ವವಾಗಿ, ಫಲಿತವಾಗಲು ಸಿದ್ಧವಾಗಿ ಹೊರಬೀಳುವುದಾದರೆ, ನಾಯಿಯಲ್ಲಿ ಅದು ಅಪಕ್ವಾವಸ್ಥೆಯಲ್ಲಿಯೇ ಅಂಡಾಶಯವನ್ನು ಬಿಟ್ಟು, ಅಂಡನಾಳದಲ್ಲಿ ಎರಡು ಮೂರು ದಿನಗಳ ಕಾಲ ಹಣ್ಣಾಗಿ, ಆಮೇಲೆ ಮತ್ತೆರಡು ಮೂರು ದಿನ ಫಲಯೋಗ್ಯವಾಗಿ ಇರುತ್ತದೆ. ಸಹಜ ಸಂಯೋಗದಲ್ಲಿ ಇದರಿಂದ ತೊಂದರೆಯಿಲ್ಲ. ತಾಜಾ ವೀರ್ಯಾಣುಗಳು ಹೆಣ್ಣಿನ ಗರ್ಭಾಶಯದಲ್ಲಿ ಐದು ದಿನಗಳಿಗೂ ಮೇಲ್ಪಟ್ಟು ಜೀವಂತವಾಗಿದ್ದು ಅಂಡವು ಪಕ್ವವಾಗುವುದನ್ನು ಕಾಯಬಲ್ಲವು. ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ಮಾನವಶಿಶುವಿನ ಭ್ರೂಣವನ್ನು ರೂಪಿಸುವ ಕಾರ್ಯವು 1978ರಲ್ಲಿಯೇ ಫಲಿಸಿದ್ದರೂ, ಅದೇ ಬಗೆಯಲ್ಲಿ ನಾಯಿಮರಿಗಳು ಹುಟ್ಟಿದ್ದು 2015ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ. ಅಷ್ಟು ತಡವಾದುದಕ್ಕೆ ಮುಖ್ಯ ಕಾರಣ ಈ ಅಂಡದ ವೈಚಿತ್ರ್ಯವೇ.

ಆದುದರಿಂದ ನಾಯಿಯ ಕೃತಕ ಗರ್ಭಧಾರಣೆಯಲ್ಲಿ ಪಿಚಕಾರಿಗಿಂತಲೂ ಪಂಚಾಂಗವೇ ಮುಖ್ಯವೆನ್ನಬೇಕು. ವೈದ್ಯನು ಯೋನಿಯಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಲೇಪವನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ, ಬಣ್ಣ ಹಾಕಿ ನೋಡಿದಾಗ, ಬೆದೆಯ ಆರಂಭದಲ್ಲಿ ದುಂಡಗೆ ತುಂಬಿಕೊಂಡಿದ್ದ ಜೀವಕೋಶಗಳು ದಿನದಿಂದ ದಿನಕ್ಕೆ ಅಗಲವಾಗಿ, ಮೂಲೆಮೂಲೆಯಾಗಿ, ನಡುವಣ ಬೀಜವು ಮಾಸಿ, ಒಣಗಿದ ಹಕ್ಕಳೆಗಳಂತೆ ತೋರುತ್ತವೆ. ಸಮಯವು ಸಮೀಪಿಸಿದೆಯೆಂಬುದಕ್ಕೆ ಅದು ಗುರುತು. ನಿಖರವಾದ ನಿರ್ಣಯಕ್ಕೆ ರಕ್ತದಲ್ಲಿನ ಪ್ರೊಜೆಸ್ಟೆರಾನ್ ಪರೀಕ್ಷೆ ಬೇಕು. ನಾಯಿಯಲ್ಲಿ ಈ ರಸವು ಅಂಡ ಬಿಡುಗಡೆಯಾಗುವುದಕ್ಕೆ ಮೊದಲೇ ಏರತೊಡಗುವುದರಿಂದ, ಒಂದು ದಿನ ಬಿಟ್ಟು ಒಂದು ದಿನ ರಕ್ತ ತೆಗೆದು ಅಂಕಿಯ ಏರಿಕೆಯನ್ನು ಅನುಸರಿಸಿದರೆ ಬಿಡುಗಡೆಯ ದಿನವನ್ನು ಹೇಳಬಹುದು. ಆ ದಿನದಿಂದ ಎಣಿಸಿದರೆ ಮರಿ ಹಾಕುವ ದಿನವೂ ಸುಮಾರು 63 ದಿನಗಳಿಗೆ, ಒಂದೆರಡು ದಿನ ಆಚೀಚೆ, ಸರಿಹೋಗುತ್ತದೆ.

ಇನ್ನು ಗಂಡಿನ ಕಡೆಯ ಕೆಲಸ. ಬೆದೆಯಲ್ಲಿರುವ ಹೆಣ್ಣೊಂದು ಹತ್ತಿರದಲ್ಲಿದ್ದರೆ ಅನುಕೂಲ. ಪಳಗಿದ ಕೈ, ಬೆಚ್ಚಗಿನ ಒಂದು ರಬ್ಬರ್ ಆಲಿಕೆ, ಅದರ ತುದಿಗೆ ಅಳತೆಯ ಗುರುತುಳ್ಳ ನಳಿಕೆ, ಇಷ್ಟೇ ಸಾಮಗ್ರಿ. ನಾಯಿಯ ವೀರ್ಯವು ಮೂರು ಭಾಗಗಳಾಗಿ ಬರುತ್ತದೆ: ಮೊದಲು ತುಸು ತಿಳಿನೀರು, ಬಳಿಕ ಹಾಲಿನ ಬಣ್ಣದ ಸಾರವತ್ತಾದ ಅಂಶ, ಕೊನೆಗೆ ಬಹಳ ಹೊತ್ತು ಹರಿಯುವ ಪ್ರಾಸ್ಟೇಟ್ ಗ್ರಂಥಿಯ ತಿಳಿದ್ರವ. ಸಹಜ ಸಂಯೋಗದಲ್ಲಿ ನಾಯಿಗಳೆರಡೂ ಕಾಲು ಗಂಟೆ ಇಪ್ಪತ್ತು ನಿಮಿಷ ಬೆಸೆದುಕೊಂಡೇ ನಿಲ್ಲುವ ಹೊತ್ತಿನಲ್ಲಿ ಈ ಮೂರನೆಯ ಭಾಗವು ನಡುವಣ ಭಾಗವನ್ನು ಗರ್ಭಾಶಯದ ಒಳಕ್ಕೆ ತಳ್ಳುವುದು. ಬೀದಿಯಲ್ಲಿ ಹಾಗೆ ನಿಂತ ನಾಯಿಗಳಿಗೆ ಕಲ್ಲೆಸೆಯುವ, ನೀರೆರಚುವ ದುರಭ್ಯಾಸವು ನಮ್ಮಲ್ಲಿ ಉಂಟು. ಆ ಬಂಧವನ್ನು ಬಲಾತ್ಕಾರವಾಗಿ ಬಿಡಿಸಿದರೆ ಎರಡಕ್ಕೂ ತೀವ್ರ ಗಾಯವಾಗುವುದೆಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ಹಿರಿಯರ ಕರ್ತವ್ಯ. ವೈದ್ಯನು ಎರಡನೆಯ ಭಾಗವನ್ನು ಮಾತ್ರ ಬೇರೆ ಹಿಡಿದು, ಒಂದು ತೊಟ್ಟನ್ನು ಬೆಚ್ಚಗಿನ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾನೆ. ಆರೋಗ್ಯವಂತ ನಾಯಿಯದಾದರೆ ನೂರರಲ್ಲಿ ಎಪ್ಪತ್ತಕ್ಕೂ ಮಿಕ್ಕಿ ವೀರ್ಯಾಣುಗಳು ನೇರವಾಗಿ, ವೇಗವಾಗಿ ಮುನ್ನುಗ್ಗುತ್ತಿರಬೇಕು. ಇದ್ದಲ್ಲಿಯೇ ಸುತ್ತುವ, ಬಾಲ ಮುರುಟಿದ, ತಲೆ ಕಳಚಿದ ಅಣುಗಳು ಹೆಚ್ಚಾಗಿ ಕಂಡರೆ ಅಂಥ ವೀರ್ಯದಿಂದ ಬಹಳವನ್ನು ಆಶಿಸಲಾಗದು.

ಆಗ ತಾನೇ ಸಂಗ್ರಹಿಸಿದ್ದನ್ನು ಅಲ್ಲಿಯೇ ಉಪಯೋಗಿಸುವುದು ಸುಲಭವಾದ ಮಾರ್ಗ. ಮೊಟ್ಟೆಯ ಹಳದಿ ಮೊದಲಾದವನ್ನು ಸೇರಿಸಿದ ಪೋಷಕದ್ರವದಲ್ಲಿ ಬೆರೆಸಿ, ನಿಧಾನವಾಗಿ ತಣಿಸಿ, ಸುಮಾರು 5 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟು ಊರಿಂದೂರಿಗೆ ಕಳುಹಿಸುವುದು ಎರಡನೆಯದು. 1954ರಲ್ಲಿ ಹ್ಯಾರಪ್ ಎಂಬ ವೈದ್ಯನು ಹೀಗೆ ಕಾಯ್ದಿಟ್ಟ ವೀರ್ಯದಿಂದ ಗರ್ಭ ನಿಂತುದನ್ನು ವರದಿ ಮಾಡಿದನು. ಮೂರನೆಯದು ಘನೀಕರಣ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟುವಿಕೆಯನ್ನು ತಾಳಬಲ್ಲವೆಂದು ಕಂಡುಹಿಡಿದ ಮೇಲೆ, ನಾಯಿಯಲ್ಲಿ ಅದು ಫಲಿಸುವುದಕ್ಕೆ ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. 1969ರಲ್ಲಿ ಅಮೆರಿಕದಲ್ಲಿ ಸ್ಟೀಫನ್ ಸೀಗರ್ ಅದನ್ನು ಸಾಧಿಸಿದನು. ಅರ್ಧ ಮಿಲಿಲೀಟರ್ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಸ್ಟ್ರಾಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟ ವೀರ್ಯವು ಹತ್ತಾರು ವರ್ಷ ಕೆಡದೆ ಉಳಿಯುತ್ತದೆ; ಗಂಡುನಾಯಿ ಸತ್ತು ಎಷ್ಟೋ ಕಾಲವಾದ ಮೇಲೂ ಅದರ ಮರಿಗಳು ಹುಟ್ಟಬಹುದು. ಆದರೆ ಕರಗಿಸಿದ ಮೇಲೆ ಅದರ ಆಯುಸ್ಸು ಕೆಲವು ಗಂಟೆಗಳಷ್ಟೇ, ಹೆಚ್ಚೆಂದರೆ ಒಂದು ದಿನ. ಅಂಡವು ಪಕ್ವವಾಗುವ ತನಕ ಕಾಯುವ ಶಕ್ತಿ ಅದಕ್ಕಿಲ್ಲದಿರುವುದರಿಂದ, ಅಂಡ ಬಿಡುಗಡೆಯಾಗಿ ಎರಡು ಮೂರು ದಿನಗಳಾದ ಮೇಲೆಯೇ, ಅದೂ ಯೋನಿಯಲ್ಲಿ ಬಿಡದೆ ನೇರವಾಗಿ ಗರ್ಭಾಶಯದೊಳಕ್ಕೆ ಸೇರಿಸಬೇಕು.

ನಾಯಿಯ ಗರ್ಭಕಂಠವು ಸುಲಭವಾಗಿ ದಾರಿಗೊಡುವಂಥದಲ್ಲ. ತಾಜಾ ವೀರ್ಯವನ್ನಾದರೆ ಉದ್ದನೆಯ ನಳಿಕೆಯಿಂದ ಯೋನಿಯ ಆಳದಲ್ಲಿ ಬಿಟ್ಟು, ಹಿಂಭಾಗವನ್ನು ಹತ್ತು ನಿಮಿಷ ಮೇಲೆತ್ತಿ ಹಿಡಿದರೆ ಸಾಕಾಗುತ್ತದೆ. ಹೆಪ್ಪುಗಟ್ಟಿಸಿದ್ದಕ್ಕೆ, ಹೊಟ್ಟೆಯ ಮೇಲಿನಿಂದ ಗರ್ಭಕಂಠವನ್ನು ಬೆರಳುಗಳಲ್ಲಿ ಹಿಡಿದು ಲೋಹದ ತೆಳುವಾದ ಕ್ಯಾತಿಟರನ್ನು ತೂರಿಸುವ, ನರಿಸಾಕಣೆಯಿಂದ ಬಂದ ಸ್ಕ್ಯಾಂಡಿನೇವಿಯಾದ ಪದ್ಧತಿಯೊಂದು. ಎಂಡೋಸ್ಕೋಪಿನ ಮೂಲಕ ಕಣ್ಣಾರೆ ನೋಡುತ್ತ ನಳಿಕೆಯನ್ನು ನಡೆಸುವ, ನ್ಯೂಜಿಲೆಂಡಿನ ಮೇರಿಯನ್ ವಿಲ್ಸನ್ 1990ರ ದಶಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿಯೊಂದು. ಇವೆರಡರಲ್ಲಿಯೂ ಕತ್ತಿಯಿಲ್ಲ, ನೋವು ಅತ್ಯಲ್ಪ. ಅರಿವಳಿಕೆ ಕೊಟ್ಟು ಹೊಟ್ಟೆಯನ್ನು ಕೊಯ್ದು ಗರ್ಭಾಶಯಕ್ಕೆ ಚುಚ್ಚುವ ಶಸ್ತ್ರಕ್ರಮವೂ ಒಂದುಂಟು. ಮೇಲಿನ ಎರಡು ಮಾರ್ಗಗಳು ಕೈಗೆ ದೊರೆತ ಮೇಲೆ, ತನಗೆ ಯಾವ ರೋಗವೂ ಇಲ್ಲದ ಪ್ರಾಣಿಯ ಹೊಟ್ಟೆಯನ್ನು ಒಡೆಯನ ಮರಿಯಾಸೆಗಾಗಿ ಕೊಯ್ಯುವುದು ಧರ್ಮವಲ್ಲ; ಬ್ರಿಟನ್ನಿನ ಪಶುವೈದ್ಯರ ಮಂಡಲಿಯೂ ಅದು ಒಪ್ಪತಕ್ಕದ್ದಲ್ಲವೆಂದು ನಿರ್ಣಯಿಸಿದೆ.

ಕೃತಕ ಮಾರ್ಗದಿಂದ ರೋಗಭಯ ನೀಗಿತೆಂದು ತಿಳಿಯುವುದೂ ತಪ್ಪು. ಗರ್ಭಪಾತಕ್ಕೂ ಬಂಜೆತನಕ್ಕೂ ಕಾರಣವಾಗುವ ಬ್ರುಸೆಲ್ಲಾ ಕ್ಯಾನಿಸ್ ಎಂಬ ಸೂಕ್ಷ್ಮಾಣು ವೀರ್ಯದಲ್ಲಿಯೇ ಸೇರಿ ಸಾಗಬಲ್ಲದು, ಮನುಷ್ಯರಿಗೂ ತಗಲಬಲ್ಲದು. ಗಂಡು ಹೆಣ್ಣೆರಡರ ರಕ್ತವನ್ನೂ ಮೊದಲು ಪರೀಕ್ಷಿಸದೆ ಈ ಕಾರ್ಯಕ್ಕೆ ಕೈಹಾಕಲಾಗದು.

ಈಗ ಮುಖ್ಯವಾದ ಮಾತಿಗೆ ಬರೋಣ. ಯಾವ ನಾಯಿಗೆ ಈ ವಿದ್ಯೆಯನ್ನು ಉಪಯೋಗಿಸಬಹುದು, ಯಾವುದಕ್ಕೆ ಉಪಯೋಗಿಸಬಾರದು? ಅಗಲವಾದ ತಲೆ, ಚಪ್ಪಟೆ ಮುಖ, ಕಿರಿದಾದ ಸೊಂಟ, ಉಸಿರಿಗೇ ಏದುವ ಎದೆ, ಇವನ್ನೆಲ್ಲ ಅಂದವೆಂದು ಎಣಿಸಿ ಮನುಷ್ಯನು ರೂಪಿಸಿದ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಮೊದಲಾದ ತಳಿಗಳಲ್ಲಿ ಎಷ್ಟೋ ನಾಯಿಗಳು ತಾವಾಗಿ ಕೂಡಲಾರವು, ಕೂಡಿದರೂ ತಾವಾಗಿ ಹೆರಲಾರವು. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಈ ತಳಿಗಳ ಹೆರಿಗೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯಿಂದಾದವೆಂದು ತಿಳಿದುಬಂದಿತು. ಪ್ರಕೃತಿಯು ಬೇಡವೆಂದು ನಿಲ್ಲಿಸಿದ ಸಂತಾನವನ್ನು ಪಿಚಕಾರಿಯಿಂದ ಆರಂಭಿಸಿ ಕತ್ತರಿಯಿಂದ ಮುಗಿಸಿ, ಮುಂದಿನ ತಲೆಮಾರಿಗೂ ಅದೇ ಸಂಕಟವನ್ನು ದಾಟಿಸುವುದು ವಿಜ್ಞಾನದ ಸದುಪಯೋಗವೆನ್ನಿಸದು. ಅಂತರರಾಷ್ಟ್ರೀಯ ಶ್ವಾನಸಂಸ್ಥೆಗಳ ಒಕ್ಕೂಟವಾದ ಎಫ್‌ಸಿಐ ತನ್ನ ನಿಯಮಾವಳಿಯಲ್ಲಿ, ಹಿಂದೆ ಸಹಜವಾಗಿ ಸಂತಾನ ಪಡೆಯದ ನಾಯಿಗೆ ಕೃತಕ ಗರ್ಭಧಾರಣೆಯನ್ನು ಬಳಸಬಾರದೆಂದು ಹೇಳಿ, ತಳಿಯ ಆರೋಗ್ಯಕ್ಕಾಗಿ ಅಥವಾ ಅನುವಂಶೀಯ ವೈವಿಧ್ಯವನ್ನು ಉಳಿಸುವುದಕ್ಕಾಗಿ ವಿನಾಯಿತಿಗೆ ಎಡೆಯಿಟ್ಟಿರುವುದು ವಿವೇಕದ ಮಾತು.

ಇನ್ನೊಂದು ಅಪಾಯವು ಕಣ್ಣಿಗೆ ಕಾಣದ್ದು. ಒಂದು ಸಲ ಸಂಗ್ರಹಿಸಿದ ವೀರ್ಯದಿಂದ ಹಲವು ಹೆಣ್ಣುಗಳಿಗೆ ಗರ್ಭ ನಿಲ್ಲಿಸಬಹುದಾದುದರಿಂದ, ಪ್ರದರ್ಶನದಲ್ಲಿ ಬಹುಮಾನ ಗೆದ್ದ ಒಂದೇ ಗಂಡಿನ ಮರಿಗಳು ಖಂಡಖಂಡಗಳಲ್ಲಿ ಹರಡಿ, ಅದರ ಸದ್ಗುಣದೊಡನೆ ಅದರ ರಕ್ತದಲ್ಲಿ ಅಡಗಿದ ದೋಷವೂ ತಳಿಯೆಲ್ಲಕ್ಕೂ ಹಬ್ಬಬಲ್ಲದು. ಆ ದೋಷವು ಹೊರಗೆ ತೋರುವ ಹೊತ್ತಿಗೆ ಮೊಮ್ಮಕ್ಕಳು ಮರಿಮಕ್ಕಳು ಪರಸ್ಪರ ಕೂಡಿ ತಲೆಮಾರುಗಳು ಕಳೆದಿರುತ್ತವೆ. ಮಿಲ್ಲೇಯು ಬ್ಯಾಸೆಟ್ಟಿನ ವಿಷಯದಲ್ಲಿ ಯಾವ ಕೇಡನ್ನು ನಿವಾರಿಸಲು ಈ ವಿದ್ಯೆಯನ್ನು ಹಿಡಿದನೋ ಅದೇ ಕೇಡನ್ನು ಈ ವಿದ್ಯೆಯೇ ತಂದೊಡ್ಡುವ ಸಂಭವವುಂಟು.

ಈ ದೃಷ್ಟಿಯಿಂದ ನಮ್ಮ ಮುಧೋಳದ ನಾಯಿಯನ್ನು ಕುರಿತು ಯೋಚಿಸಬೇಕಾಗಿದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರ ಪೋಷಣೆಯಿಂದ ಹೆಸರಾದ, 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ, ಈಚೆಗೆ ರಾಷ್ಟ್ರೀಯ ಪಶು ಅನುವಂಶೀಯ ಸಂಪನ್ಮೂಲ ಕೇಂದ್ರದಿಂದ ದೇಶೀಯ ತಳಿಯೆಂದು ನೋಂದಣಿ ಪಡೆದ ಈ ಬೇಟೆನಾಯಿಗೆ ಕೂಡುವುದಕ್ಕಾಗಲಿ ಹೆರುವುದಕ್ಕಾಗಲಿ ಯಾರ ನೆರವೂ ಬೇಕಿಲ್ಲ. ನೀಳವಾದ ಮೂತಿ, ಆಳವಾದ ಎದೆ, ಸಣ್ಣ ನಡುವಿನ ಆ ಮೈಕಟ್ಟು ಓಟಕ್ಕೆಂದು ರೂಪುಗೊಂಡದ್ದೇ ಹೊರತು ಪ್ರದರ್ಶನಕ್ಕಲ್ಲ. ಅದಕ್ಕೆ ಬೇಕಾದುದು ಬೇರೆ ಬೇರೆ ಊರುಗಳ, ಪರಸ್ಪರ ನಂಟಿಲ್ಲದ ಗಂಡುಗಳ ರಕ್ತ. ಬೆದೆಗೆ ಬಂದ ಹೆಣ್ಣನ್ನು ದೂರದ ಊರಿಗೆ ವಾಹನದಲ್ಲಿ ಸಾಗಿಸುವ ಆಯಾಸಕ್ಕೆ ಹೆದರಿ, ಸಮೀಪದಲ್ಲಿರುವ ಅಣ್ಣನಿಗೋ ತಂದೆಗೋ ಕೂಡಿಸಿಬಿಡುವ ಅಭ್ಯಾಸವಿರುವೆಡೆಗಳಲ್ಲಿ, ತಣಿಸಿದ ಅಥವಾ ಘನೀಕರಿಸಿದ ವೀರ್ಯವು ಆ ದೂರವನ್ನು ಇಲ್ಲವಾಗಿಸಬಲ್ಲದು. ಅಮೆರಿಕದಲ್ಲಿ ನಾಶದ ಅಂಚಿಗೆ ಬಂದಿದ್ದ ಮೆಕ್ಸಿಕನ್ ತೋಳಕ್ಕೆ 2017ರಲ್ಲಿ ಘನೀಕರಿಸಿದ ವೀರ್ಯದಿಂದ ಮರಿ ಹುಟ್ಟಿಸಿದವರ ಆಶಯವೂ ಇದೇ ಆಗಿತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನ ಕೇಂದ್ರದಂಥ ಸಂಸ್ಥೆಗಳು, ಗೆದ್ದ ನಾಯಿಯೊಂದರ ಬದಲು, ಹಟ್ಟಿಹಟ್ಟಿಗಳಲ್ಲಿ ಹೆಸರಿಲ್ಲದೆ ಬೆಳೆದ ಹಲವಾರು ಗಟ್ಟಿಮುಟ್ಟಾದ ಗಂಡುಗಳ ವೀರ್ಯವನ್ನು ವಂಶಾವಳಿಯ ಸಮೇತ ಕಾದಿರಿಸುವುದು ಅತ್ಯಂತ ಉಪಯುಕ್ತವಾದ ಕಾರ್ಯವಾಗುವುದು.

ನಾಯಿ ಸಾಕಿದ ಗೃಹಸ್ಥರಲ್ಲಿಯೂ ಒಂದು ವಿಜ್ಞಾಪನೆಯುಂಟು. ನಮ್ಮ ದೇಶದ 2017ರ ಶ್ವಾನಸಂವರ್ಧನೆಯ ನಿಯಮಗಳು ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯಬಾರದೆಂದು ವಿಧಿಸಿವೆ. ಪಿಚಕಾರಿಯ ಮಾರ್ಗಕ್ಕೂ ಅದು ಅನ್ವಯಿಸುತ್ತದೆ. ತಮ್ಮಲ್ಲಿ ಒಳ್ಳೆಯ ದೇಶೀಯ ತಳಿಯ ಗಂಡುನಾಯಿ ಇದ್ದವರು ಅದರ ತಾಯಿತಂದೆಗಳ ವಿವರವನ್ನು ಬರೆದಿಟ್ಟುಕೊಂಡು, ರಕ್ತಪರೀಕ್ಷೆ ಮಾಡಿಸಿ, ಸಮೀಪದ ಪಶುವೈದ್ಯ ಕಾಲೇಜಿನಲ್ಲಿ ವಿಚಾರಿಸಲಿ. ಪ್ರಾಯವೇರಿದಂತೆ ಗಂಡುನಾಯಿಯ ವೀರ್ಯದ ಗುಣವು ಇಳಿಯುತ್ತದೆ. ಕಾದಿರಿಸತಕ್ಕದ್ದನ್ನು ಅದು ಎರಡರಿಂದ ಐದು ವರ್ಷದ ಹರೆಯದಲ್ಲಿರುವಾಗಲೇ ಕಾದಿರಿಸಬೇಕು.